ಅಗ್ಗದ ಮೀನಿಗೆ ಮಾರುಕಟ್ಟೆ: ಕರಾವಳಿಯ ಉದ್ಯಮಕ್ಕೊಂದು ಅವಕಾಶ, ಒಂದು ಎಚ್ಚರಿಕೆ

ಮಂಗಳೂರಿನ ದಕ್ಕೆಯಲ್ಲಾಗಲಿ, ಮಲ್ಪೆಯ ಬಂದರಿನಲ್ಲಾಗಲಿ ಮುಂಜಾನೆಯ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ವಾರ, ಹತ್ತು ದಿನ ಆಳಸಮುದ್ರದಲ್ಲಿ ದುಡಿದು ಮರಳಿದ ಟ್ರಾಲ್ ದೋಣಿಗಳಿಂದ ಎರಡು ಬಗೆಯ ಮೀನು ದಡಕ್ಕಿಳಿಯುತ್ತದೆ. ಅಂಜಲ್, ಮಾಂಜಿ, ಕಾಣೆ, ಸಿಗಡಿ, ಬೊಂಡಾಸ್ ಮುಂತಾದವು ಮಂಜುಗಡ್ಡೆಯ ನಡುವೆ ಜೋಪಾನವಾಗಿ ಬಂದು, ಜಾತಿ ಹಾಗೂ ಗಾತ್ರಕ್ಕನುಗುಣವಾಗಿ ವಿಂಗಡಣೆಗೊಂಡು ಏಲಂಗೆ ಸಿದ್ಧವಾಗುತ್ತವೆ. ಇನ್ನೊಂದು ಬಗೆಯ ಮೀನಿಗೆ ಈ ಯಾವ ಮರ್ಯಾದೆಯೂ ಇಲ್ಲ. ಹೆಸರಿಲ್ಲದೆ, ವಿಂಗಡಣೆಯಿಲ್ಲದೆ ರಾಶಿಯಾಗಿ ಲಾರಿಗೆ ತುಂಬಲ್ಪಟ್ಟು, ಒಟ್ಟು ತೂಕದ ಲೆಕ್ಕದಲ್ಲಿ ಅದು ನೇರವಾಗಿ ಮೀನುಹಿಟ್ಟಿನ ಕಾರ್ಖಾನೆ ಸೇರುತ್ತದೆ.

ಈ ಎರಡನೆಯ ರಾಶಿಗೆ ಕರಾವಳಿಯಲ್ಲಿ ಹಲವು ಹೆಸರುಗಳಿವೆ. ಕೆಲವರು ಇದನ್ನು ಪೊಡಿ ಮೀನು ಎನ್ನುತ್ತಾರೆ, ಕೆಲವರು ಗೊಬ್ಬರದ ಮೀನು ಎನ್ನುತ್ತಾರೆ. ವ್ಯಾಪಾರದ ಭಾಷೆಯಲ್ಲಿ ಇದು ‘ಟ್ರ್ಯಾಶ್’, ಎಂದರೆ ಕಸ. ಈ ರಾಶಿಯನ್ನು ನಿಜವಾಗಿಯೂ ಕಸವೆಂದು ಕರೆಯಬಹುದೇ, ಇದರಲ್ಲಿ ಮನುಷ್ಯನ ಊಟದ ತಟ್ಟೆಗೆ ಸಲ್ಲಬೇಕಾದುದು ಎಷ್ಟಿದೆ, ಅದನ್ನು ತಟ್ಟೆಗೆ ತಲುಪಿಸುವುದು ಉದ್ಯಮಕ್ಕೆ ಲಾಭದಾಯಕವೇ ಎಂಬ ಪ್ರಶ್ನೆಗಳು ಮೀನುಗಾರರಿಗೆ ಮಾತ್ರವಲ್ಲದೆ ಸಂಸ್ಕರಣೆ, ಶೀತಲೀಕರಣ, ಸಾಗಾಣಿಕೆ ಮತ್ತು ಹೋಟೆಲ್ ಉದ್ಯಮಗಳಿಗೂ ಸಂಬಂಧಪಟ್ಟವುಗಳಾಗಿವೆ.

ರಾಶಿಯೊಳಗೆ ಏನಿದೆ?

ಟ್ರಾಲ್ ಬಲೆಗೆ ಆಯ್ಕೆಯ ಶಕ್ತಿ ಕಡಿಮೆ. ಸಮುದ್ರದ ತಳವನ್ನು ಸವರಿಕೊಂಡು ಸಾಗುವ ಈ ಬಲೆ ಸಿಗಡಿಯನ್ನರಸಿ ಹೊರಟರೂ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ಹೀಗೆ ಬಂದುದರಲ್ಲಿ ಬೆಲೆಯಿಲ್ಲದ್ದನ್ನು ಸಮುದ್ರಕ್ಕೇ ಎಸೆಯುವುದು ಜಗತ್ತಿನಾದ್ಯಂತ ನಡೆದುಬಂದ ರೂಢಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2010ರಿಂದ 2014ರ ಅವಧಿಯಲ್ಲಿ ಜಗತ್ತಿನ ಸಮುದ್ರ ಮೀನುಗಾರಿಕೆಯಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಟನ್ ಮೀನು ಹೀಗೆ ನೀರಿಗೆ ಮರಳಿದೆ. ಇದು ಒಟ್ಟು ಹಿಡುವಳಿಯ ಶೇ. 10.8ರಷ್ಟು. ನಮ್ಮ ಕರಾವಳಿಯಲ್ಲಿ ಮೀನುಹಿಟ್ಟಿನ ಕಾರ್ಖಾನೆಗಳ ಬೇಡಿಕೆ ಹೆಚ್ಚಿದಂತೆ, ಹಿಂದೆ ಕಡಲಿಗೆ ಬೀಳುತ್ತಿದ್ದುದರಲ್ಲಿ ಬಹುಪಾಲು ದಡಕ್ಕೆ ಬರತೊಡಗಿತು.

ಹೀಗೆ ಬಂದ ರಾಶಿಯನ್ನು ಬಿಡಿಸಿ ನೋಡಿದರೆ ಮೂರು ಭಾಗಗಳು ಕಾಣಸಿಗುತ್ತವೆ. ಮೊದಲನೆಯದು, ಪೂರ್ಣವಾಗಿ ಬೆಳೆದ, ತಿನ್ನಲು ಯೋಗ್ಯವಾದ, ಆದರೆ ಗಿರಾಕಿಗಳಿಲ್ಲದ ಮೀನು. ಕೆಂಪು ಮೈಯ ದೊಡ್ಡ ಕಣ್ಣಿನ ‘ಡಿಸ್ಕೋ’, ಹಲ್ಲಿಯ ತಲೆಯಂತಹ ತಲೆಯುಳ್ಳ ಅರಣೆ ಮೀನು, ಬೆಳ್ಳಿಯಂತೆ ಹೊಳೆಯುವ ಮುಳ್ಳಿನ ಕುರ್ಚಿ, ಉಡುಪಿ ಮತ್ತು ಮಂಗಳೂರು ಭಾಗದಲ್ಲಿ ‘ಕಾರ್ಗಿಲ್ ಮೀನು’ ಎಂದೇ ಹೆಸರಾದ ಗಟ್ಟಿ ಚರ್ಮದ ಕಪ್ಪು ಮೀನು ಈ ಗುಂಪಿಗೆ ಸೇರುತ್ತವೆ. ಎರಡನೆಯದು, ಬೆಲೆಯುಳ್ಳ ಜಾತಿಗಳ ಮರಿಗಳು. ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಬಂಗುಡೆ, ರಾಣಿ ಮೀನು, ಪಾಂಬೊಲ್, ಬೊಂಡಾಸ್ ಮೊದಲಾದವು ಇದರಲ್ಲಿರುತ್ತವೆ. ಮೂರನೆಯದು, ಕೆಟ್ಟುಹೋದ ಮೀನು, ಪುಡಿ ಏಡಿ ಮತ್ತು ತಿನ್ನಲು ಒಗ್ಗದ ಜೀವಿಗಳು.

ಈ ಮೂರನ್ನೂ ಒಂದೇ ಲಾರಿಯಲ್ಲಿ ತುಂಬಿ ಒಂದೇ ಹೆಸರಿನಿಂದ ಕರೆಯುತ್ತಿರುವುದೇ ಸಮಸ್ಯೆಯ ಮೂಲ. ಮೊದಲನೆಯ ಭಾಗ ನಮ್ಮ ಉದ್ಯಮಕ್ಕೆ ದೊರೆಯದ ಆದಾಯ. ಎರಡನೆಯ ಭಾಗ ನಾಳಿನ ಬಂಡವಾಳವನ್ನು ಇಂದೇ ಕರಗಿಸಿಕೊಳ್ಳುತ್ತಿರುವ ನಷ್ಟ. ಮೂರನೆಯದು ಮಾತ್ರ ಹಿಟ್ಟಿಗೆ ನ್ಯಾಯವಾಗಿ ಸಲ್ಲತಕ್ಕದ್ದು.

ನಿನ್ನೆಯ ಕಸ, ಇಂದಿನ ರಫ್ತು

ಮೀನಿನ ಬೆಲೆ ಅದರ ಜಾತಿಯೊಂದಿಗೆ ಹುಟ್ಟಿಬರುವುದಿಲ್ಲ ಎಂಬುದಕ್ಕೆ ಪಶ್ಚಿಮ ಕರಾವಳಿಯ ವ್ಯಾಪಾರದ ಚರಿತ್ರೆಯೇ ಸಾಕ್ಷಿ. ಇಂದು ವಿದೇಶಿ ವಿನಿಮಯದ ಮುಖ್ಯ ಮೂಲವಾಗಿರುವ ಸಿಗಡಿಯನ್ನು, ಶೀತಲೀಕರಣದ ಕಾರ್ಖಾನೆಗಳು ಬರುವ ಮೊದಲು, ಒಣಗಿಸಿ ಅಗ್ಗಕ್ಕೆ ಮಾರುತ್ತಿದ್ದರು. ಹೆಚ್ಚಾದದ್ದು ತೆಂಗಿನ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ಕಳೆದ ಶತಮಾನದ ಐವತ್ತರ ದಶಕದಿಂದ ಘನೀಕೃತ ಸಿಗಡಿಯ ರಫ್ತು ಬೆಳೆದಂತೆ ಚಿತ್ರವೇ ಬದಲಾಯಿತು.

ಬೊಂಡಾಸ್‌ನ ಕಥೆಯೂ ಹೆಚ್ಚುಕಡಿಮೆ ಇದೇ. ಒಂದು ಕಾಲದಲ್ಲಿ ಕೆಲವೇ ಮನೆಗಳ ಅಡುಗೆಗೆ ಸೀಮಿತವಾಗಿದ್ದ ಅದು ಯುರೋಪ್ ಮತ್ತು ಪೂರ್ವ ಏಷ್ಯಾದ ಬೇಡಿಕೆಯಿಂದ ದೋಣಿಯ ಮುಖ್ಯ ಸಂಪಾದನೆಗಳಲ್ಲೊಂದಾಯಿತು. ಹಿಂದೆ ಒಣಮೀನಾಗಿ ಅಗ್ಗಕ್ಕೆ ಹೋಗುತ್ತಿದ್ದ ಪಟ್ಟಿಯಂತಹ ಪಾಂಬೊಲ್, ಚೀನಾದ ಮಾರುಕಟ್ಟೆ ತೆರೆದ ಮೇಲೆ ಘನೀಕೃತ ರಫ್ತಿನ ಸರಕಾಯಿತು.

ಎಲ್ಲಕ್ಕಿಂತ ಪಾಠವಾಗಬಲ್ಲ ಉದಾಹರಣೆಯೆಂದರೆ ಮದ್ಮಲ್ ಅಥವಾ ರಾಣಿ ಮೀನು. ಮಳೆಗಾಲದ ನಿಷೇಧ ಮುಗಿದೊಡನೆ ರಾಶಿರಾಶಿಯಾಗಿ ಬರುವ ಈ ಗುಲಾಬಿ ಮೀನಿಗೆ ಹಿಂದೆ ಹೇಳಿಕೊಳ್ಳುವಂತಹ ಬೆಲೆಯಿರಲಿಲ್ಲ. ಇದರ ಮಾಂಸವನ್ನು ಮುಳ್ಳು, ಚರ್ಮಗಳಿಂದ ಬೇರ್ಪಡಿಸಿ, ತಣ್ಣೀರಿನಲ್ಲಿ ಹಲವು ಬಾರಿ ತೊಳೆದು, ಘನೀಕರಿಸಿ ತಯಾರಿಸುವ ‘ಸುರಿಮಿ’ ಎಂಬ ಜಪಾನಿ ಮೂಲದ ಪದಾರ್ಥಕ್ಕೆ ಇದು ಅತ್ಯುತ್ತಮ ಕಚ್ಚಾವಸ್ತುವೆಂದು ಕಂಡುಬಂದಿತು. ‘ಇಟೊಯೋರಿ’ ಎಂಬ ಜಪಾನಿ ಹೆಸರಿನಿಂದ ಸುರಿಮಿಯ ಅಂತರರಾಷ್ಟ್ರೀಯ ವಹಿವಾಟಿನಲ್ಲಿ ಇದಕ್ಕೆ ಪ್ರತ್ಯೇಕ ದರ್ಜೆಯೇ ಇದೆ. ಮೀನು ಅದೇ, ಬಲೆಯೂ ಅದೇ. ಬದಲಾದುದು ಮಂಜುಗಡ್ಡೆ, ಯಂತ್ರ ಮತ್ತು ಹೆಸರು.

ಬೆಲೆ ಏಕೆ ಬರುವುದಿಲ್ಲ?

ಹಾಗಾದರೆ ಉಳಿದ ಜಾತಿಗಳಿಗೆ ಇದೇ ಭಾಗ್ಯ ಏಕೆ ಒದಗಲಿಲ್ಲ? ಇದಕ್ಕೆ ಕಾರಣಗಳನ್ನು ರುಚಿಯಲ್ಲಿ ಹುಡುಕುವುದಕ್ಕಿಂತ ದೋಣಿಯ ಲೆಕ್ಕಾಚಾರದಲ್ಲಿ ಹುಡುಕುವುದು ಸೂಕ್ತ.

ಹಲವು ದಿನಗಳ ಯಾನಕ್ಕೆ ಹೊರಡುವ ದೋಣಿ ಕೊಂಡೊಯ್ಯುವ ಮಂಜುಗಡ್ಡೆಗೆ ಮಿತಿಯಿದೆ. ದಾಸ್ತಾನು ಕೋಣೆಯ ಜಾಗಕ್ಕೂ ಮಿತಿಯಿದೆ. ತಂಡೇಲನಾದವನು ಈ ಎರಡನ್ನೂ ಸಹಜವಾಗಿಯೇ ಹೆಚ್ಚು ಬೆಲೆಯ ಮೀನಿಗೆ ಮೀಸಲಿಡುತ್ತಾನೆ. ಡೀಸೆಲ್ ವೆಚ್ಚವೇ ಯಾನದ ಖರ್ಚಿನ ದೊಡ್ಡ ಪಾಲಾಗಿರುವಾಗ ಅವನಿಗೆ ಬೇರೆ ದಾರಿಯೂ ಇಲ್ಲ. ಅಗ್ಗದ ಮೀನಿಗೆ ಮಂಜುಗಡ್ಡೆ ಸಿಗುವುದಿಲ್ಲ. ಮಂಜುಗಡ್ಡೆಯಿಲ್ಲದ ಮೀನು ದಡ ಸೇರುವಷ್ಟರಲ್ಲಿ ಮೆತ್ತಗಾಗಿ ವಾಸನೆ ಹಿಡಿಯುತ್ತದೆ. ಹಾಗೆ ಬಂದ ಮೀನಿಗೆ ಹಿಟ್ಟಿನ ಕಾರ್ಖಾನೆಯ ಹೊರತು ಗಿರಾಕಿಯಿಲ್ಲ. ಬೆಲೆ ಇಲ್ಲದ್ದರಿಂದ ಮಂಜುಗಡ್ಡೆ ಇಲ್ಲ, ಮಂಜುಗಡ್ಡೆ ಇಲ್ಲದ್ದರಿಂದ ಬೆಲೆ ಇಲ್ಲ ಎಂಬ ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಮುರಿಯದೆ ಯಾವ ಸುಧಾರಣೆಯೂ ಸಾಧ್ಯವಿಲ್ಲ.

ವಿಂಗಡಣೆಯ ಶ್ರಮ ಇನ್ನೊಂದು ತೊಡಕು. ಬಲೆ ಮೇಲೆಳೆದ ಪ್ರತಿ ಸಲವೂ ಹತ್ತಾರು ಜಾತಿಗಳನ್ನು ಬೇರ್ಪಡಿಸಲು ದೋಣಿಯ ಕಲಾಸಿಗಳಿಗೆ ಸಮಯವಾಗಲಿ ಅದಕ್ಕೆ ತಕ್ಕ ಪ್ರತಿಫಲವಾಗಲಿ ಇಲ್ಲ. ಅಡುಗೆಮನೆಯ ಸಮಸ್ಯೆ ಮೂರನೆಯದು. ಕಾರ್ಗಿಲ್ ಮೀನಿನ ಚರ್ಮವನ್ನು ಸುಲಿಯದೆ ಬೇಯಿಸುವಂತಿಲ್ಲ. ಕುರ್ಚಿಯ ತುಂಬ ಮುಳ್ಳು. ಅರಣೆ ಮೀನಿನಲ್ಲಿ ಸಣ್ಣ ಮುಳ್ಳುಗಳು ಹೆಚ್ಚು. ಸ್ವಚ್ಛಗೊಳಿಸುವ ಕೆಲಸವನ್ನು ಗೃಹಿಣಿಗೆ ಬಿಟ್ಟರೆ ಆಕೆ ಬಂಗುಡೆಯನ್ನೇ ಆರಿಸಿಕೊಳ್ಳುವುದು ಸಹಜ. ಆ ಕೆಲಸವನ್ನು ಕಾರ್ಖಾನೆ ಮಾಡಿಕೊಟ್ಟರೆ ಈ ಮೀನುಗಳ ಬಿಳಿ ಮಾಂಸಕ್ಕೂ ದುಬಾರಿ ಮೀನಿನ ಮಾಂಸಕ್ಕೂ ಇರುವ ಅಂತರ ಬಹಳಷ್ಟು ಕಡಿಮೆಯಾಗುತ್ತದೆ. ಕೇರಳದ ದಕ್ಷಿಣ ಕರಾವಳಿಯಲ್ಲಿ ‘ಕ್ಲಾತ್ತಿ’ ಎಂಬ ಹೆಸರಿನಿಂದ ಕಾರ್ಗಿಲ್ ಮೀನನ್ನು ಜನ ಕೊಂಡು ತಿನ್ನುತ್ತಾರೆ ಎಂಬುದು ಇಲ್ಲಿ ಗಮನಾರ್ಹ.

ರುಚಿಯೆಂಬುದೂ ಊರಿನಿಂದ ಊರಿಗೆ ಬದಲಾಗುವಂಥದು. ತುಳುನಾಡಿನಲ್ಲಿ ತೊರಕೆ ಮೀನಿನ ಪುಳಿಮುಂಚಿಗೆ ಬಾಯಲ್ಲಿ ನೀರೂರಿಸುವವರಿದ್ದಾರೆ. ಅದೇ ತೊರಕೆ ಬೆಂಗಳೂರಿನ ಬಹುಪಾಲು ಗ್ರಾಹಕರಿಗೆ ಹೆಸರಿನಿಂದಲೂ ಪರಿಚಿತವಲ್ಲ. ಆದುದರಿಂದ ‘ಜನ ತಿನ್ನುವುದಿಲ್ಲ’ ಎಂಬ ಮಾತನ್ನು ವ್ಯಾಪಾರಸ್ಥರು ಅಂತಿಮ ತೀರ್ಪೆಂದು ಸ್ವೀಕರಿಸಬೇಕಾಗಿಲ್ಲ.

ಹಿಟ್ಟಿನ ಲೆಕ್ಕ, ಊಟದ ಲೆಕ್ಕ

ಮೀನುಹಿಟ್ಟು ಮತ್ತು ಮೀನೆಣ್ಣೆಯ ಕಾರ್ಖಾನೆಗಳು ಕರಾವಳಿಯ ಆರ್ಥಿಕತೆಗೆ ಸಲ್ಲಿಸಿರುವ ಸೇವೆಯನ್ನು ಕಡೆಗಣಿಸುವಂತಿಲ್ಲ. ಮಾರಾಟವಾಗದ ಮೀನಿಗೆ ಅವು ಖಚಿತವಾದ ಗಿರಾಕಿ. ಹಿಡುವಳಿ ಹೆಚ್ಚಾದ ದಿನಗಳಲ್ಲಿ ಬೆಲೆ ನೆಲಕಚ್ಚದಂತೆ ತಡೆಯುವ ಆಧಾರವೂ ಹೌದು. 2009ರಲ್ಲಿ ಭಾರತದಲ್ಲಿ ವನ್ನಾಮೈ ಸಿಗಡಿಯ ಸಾಕಣೆಗೆ ಅನುಮತಿ ದೊರೆತ ಮೇಲೆ ಸಿಗಡಿಯ ಆಹಾರಕ್ಕಾಗಿ ಮೀನುಹಿಟ್ಟಿನ ಬೇಡಿಕೆ ಮತ್ತಷ್ಟು ಬೆಳೆಯಿತು. ಕೋಳಿ ಆಹಾರದ ತಯಾರಿಕೆಯಲ್ಲಿಯೂ ಇದರ ಬಳಕೆಯಿದೆ.

ಆದರೂ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡುವುದು ಅವಶ್ಯಕ. 100 ಕಿಲೋ ಹಸಿ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿದರೆ ದೊರೆಯುವ ಹಿಟ್ಟು ಸುಮಾರು 20ರಿಂದ 25 ಕಿಲೋ. ಅದೇ 100 ಕಿಲೋ ತಾಜಾ ಮೀನಿನಿಂದ, ಜಾತಿಯನ್ನನುಸರಿಸಿ, ಸುಮಾರು 35ರಿಂದ 40 ಕಿಲೋ ಮುಳ್ಳಿಲ್ಲದ ಮಾಂಸ ಪಡೆಯಲು ಸಾಧ್ಯವಿದೆ. ಹೀಗೆ ಮಾಂಸ ತೆಗೆದ ಬಳಿಕ ಉಳಿಯುವ ತಲೆ, ಮುಳ್ಳು, ಚರ್ಮ, ಕರುಳುಗಳು ಮತ್ತೆ ಹಿಟ್ಟಿನ ಕಾರ್ಖಾನೆಗೇ ಸಲ್ಲುತ್ತವೆ. ಅಂದರೆ ‘ಮೊದಲು ಊಟ, ಆಮೇಲೆ ಹಿಟ್ಟು’ ಎಂಬ ಕ್ರಮವನ್ನು ಅನುಸರಿಸಿದರೆ ಹಿಟ್ಟಿನ ಉದ್ಯಮ ಕಚ್ಚಾವಸ್ತುವಿಲ್ಲದೆ ಬರಿದಾಗುವುದಿಲ್ಲ. ಅದೇ ಮೀನಿಗೆ ಎರಡು ಹಂತದಲ್ಲಿ ಮೌಲ್ಯ ಬರುತ್ತದೆ.

ಇದರಲ್ಲಿ ಸಾಮಾಜಿಕ ಪ್ರಶ್ನೆಯೊಂದೂ ಅಡಗಿದೆ. ಅಗ್ಗದ ಸಣ್ಣ ಮೀನು ಬಹುಕಾಲದಿಂದ ಬಡವರ ಊಟ. ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹಾಗೂ ಮೀನು ಒಣಗಿಸಿ ಮಳೆಗಾಲಕ್ಕೆ ಕಾಪಿಡುವ ಮಹಿಳೆಯರ ಬದುಕು ನಿಂತಿದ್ದುದೂ ಇದರ ಮೇಲೆಯೇ. ಇಡೀ ರಾಶಿಯನ್ನು ಒಂದೇ ಸಲಕ್ಕೆ ಎತ್ತುವ ಕಾರ್ಖಾನೆಯ ಲಾರಿಯೊಂದಿಗೆ ನಾಲ್ಕಾರು ಬುಟ್ಟಿ ಕೊಳ್ಳುವ ಮಹಿಳೆ ಪೈಪೋಟಿ ನಡೆಸಲಾರಳು. ಊಟಕ್ಕೆ ಯೋಗ್ಯವಾದ ಮೀನನ್ನು ದಕ್ಕೆಯಲ್ಲಿಯೇ ಬೇರ್ಪಡಿಸುವ ವ್ಯವಸ್ಥೆಯಾದರೆ ಆಕೆಗೂ ಏಲಂ ಕಟ್ಟೆಯಲ್ಲಿ ಸ್ಥಾನ ಮರಳಿ ದೊರೆಯಬಹುದು.

ಹೆಸರಿನ ಮಹಿಮೆ, ಹೆಸರಿನ ಅಪಾಯ

ಅಪರಿಚಿತ ಮೀನನ್ನು ಗ್ರಾಹಕರಿಗೆ ಪರಿಚಯಿಸುವಲ್ಲಿ ಹೆಸರಿನ ಪಾತ್ರ ದೊಡ್ಡದು. ಇದಕ್ಕೆ ಜಗತ್ತಿನ ಮೀನು ವ್ಯಾಪಾರದಲ್ಲಿ ಪ್ರಸಿದ್ಧವಾದ ಉದಾಹರಣೆಯೆಂದರೆ ದಕ್ಷಿಣ ಸಾಗರದ ಟೂತ್‌ಫಿಶ್. ‘ಹಲ್ಲಿನ ಮೀನು’ ಎಂಬ ಅರ್ಥದ ಈ ಹೆಸರು ಗಿರಾಕಿಗಳನ್ನು ಸೆಳೆಯದೆಂದು ಅರಿತ ಅಮೆರಿಕದ ಆಮದುದಾರ ಲೀ ಲ್ಯಾಂಟ್ಜ್ 1977ರಲ್ಲಿ ಅದಕ್ಕೆ ‘ಚಿಲಿಯನ್ ಸೀ ಬಾಸ್’ ಎಂಬ ಹೆಸರಿಟ್ಟರು. ಕ್ರಮೇಣ ಅದು ದುಬಾರಿ ಹೋಟೆಲುಗಳ ಪಟ್ಟಿಯಲ್ಲಿ ಮೆರೆಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಿಧಾನವಾಗಿ ಬೆಳೆಯುವ ಈ ಮೀನಿನ ಬೇಡಿಕೆ ಏರಿದಂತೆ ತೊಂಬತ್ತರ ದಶಕದಲ್ಲಿ ಅಕ್ರಮ ಮೀನುಗಾರಿಕೆ ವಿಪರೀತವಾಗಿ, ಹಲವೆಡೆ ಅದರ ಸಂತತಿಯೇ ಕುಸಿಯಿತು. ಮಾರುಕಟ್ಟೆ ಸೃಷ್ಟಿಸುವ ಉತ್ಸಾಹದಲ್ಲಿ ಸಮುದ್ರದ ಲೆಕ್ಕ ಮರೆತರೆ ಒದಗುವ ಗತಿಗೆ ಇದು ನಿದರ್ಶನ.

ನಮ್ಮಲ್ಲಿ ಈ ಎಚ್ಚರಿಕೆ ಹೆಚ್ಚು ಅನ್ವಯಿಸುವುದು ಮರಿ ಮೀನುಗಳ ವಿಷಯದಲ್ಲಿ. ಅಗ್ಗದ ಮೀನಿಗೆ ಬೆಲೆ ಬರಲೆಂದು ಬಯಸುವಾಗ ಮರಿ ಮೀನಿಗೂ ಬೆಲೆ ಬಂದುಬಿಟ್ಟರೆ, ದೋಣಿಗಳು ಸಣ್ಣ ಕಣ್ಣಿನ ಬಲೆಗಳನ್ನೇ ಹೆಚ್ಚು ಬಳಸುವಂತಾಗುತ್ತದೆ. ಬಿತ್ತನೆಯ ಬೀಜವನ್ನು ಹುರಿದು ತಿಂದ ರೈತನ ಸ್ಥಿತಿ ಆಗ ಉದ್ಯಮದ್ದಾಗುತ್ತದೆ. ಕಡಲಿನ ಸಂಪತ್ತು ಅಕ್ಷಯವಲ್ಲ ಎಂಬುದನ್ನು ಭೂತಾಯಿ ಮೀನು ನಮಗೆ ಕಲಿಸಿದೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್‌ನಷ್ಟಿದ್ದ ಅದರ ಹಿಡುವಳಿ 2021ರಲ್ಲಿ 3,500 ಟನ್‌ಗಿಂತಲೂ ಕೆಳಗಿಳಿಯಿತು. ಸಮುದ್ರದ ಹವಾಮಾನದ ಬದಲಾವಣೆಗಳಿಗೆ ಭೂತಾಯಿ ಬೇಗನೆ ಸ್ಪಂದಿಸುತ್ತದೆ ಎಂಬುದು ನಿಜ. ಆದರೆ ಮರಿಗಳನ್ನೂ ತಾಯಿ ಮೀನುಗಳನ್ನೂ ಬಿಡದೆ ಹಿಡಿದರೆ ಚೇತರಿಕೆಗೆ ಅವಕಾಶವೇ ಉಳಿಯುವುದಿಲ್ಲ.

ಈ ದಿಸೆಯಲ್ಲಿ ಕೇರಳ ಕೈಗೊಂಡ ಕ್ರಮ ಉಲ್ಲೇಖನೀಯ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನ ಮೇರೆಗೆ ಅದು 2015ರಲ್ಲಿ 14 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ನಿಗದಿಪಡಿಸಿ, 2017ರಲ್ಲಿ ಆ ಪಟ್ಟಿಯನ್ನು 58 ಜಾತಿಗಳಿಗೆ ವಿಸ್ತರಿಸಿತು. ಆ ನಿಯಮದಂತೆ ಭೂತಾಯಿ 10 ಸೆಂಟಿಮೀಟರ್‌ಗಿಂತ, ಬಂಗುಡೆ 14 ಸೆಂಟಿಮೀಟರ್‌ಗಿಂತ ಸಣ್ಣದಿರಬಾರದು. ಟ್ರಾಲ್ ಬಲೆಯ ತುದಿಯ ಚೀಲಕ್ಕೆ 35 ಮಿಲಿಮೀಟರಿನ ಚೌಕಾಕಾರದ ಕಣ್ಣುಗಳಿರಬೇಕೆಂದು ವಿಜ್ಞಾನಿಗಳು ಹೇಳುತ್ತ ಬಂದಿರುವುದೂ ಮರಿಗಳು ಪಾರಾಗಲೆಂಬ ಉದ್ದೇಶದಿಂದಲೇ. ಸಾಮಾನ್ಯ ಬಲೆಯ ವಜ್ರಾಕೃತಿಯ ಕಣ್ಣುಗಳು ಎಳೆತಕ್ಕೆ ಸಿಕ್ಕಿ ಮುಚ್ಚಿಕೊಳ್ಳುತ್ತವೆ. ಚೌಕದ ಕಣ್ಣುಗಳು ತೆರೆದೇ ಇರುತ್ತವೆ.

ಎಸೆಯುತ್ತಿದ್ದುದನ್ನೆಲ್ಲ ತಿನ್ನಬಹುದೆಂಬ ಭ್ರಮೆಯೂ ಸಲ್ಲದು. ಉಬ್ಬಿ ಚೆಂಡಿನಂತಾಗುವ ಪಫರ್ ಜಾತಿಯ ಮೀನುಗಳ ಅಂಗಾಂಗಗಳಲ್ಲಿ ಪ್ರಾಣಾಂತಕ ವಿಷವಿರುತ್ತದೆ. ತಿಮಿಂಗಿಲ ಶಾರ್ಕ್ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಪಡೆದಿದೆ. ಶಾರ್ಕ್ ಮತ್ತು ತೊರಕೆಯ ಬಳಗದ ಇನ್ನೂ ಕೆಲವು ಜಾತಿಗಳು ಇದೇ ರಕ್ಷಣೆಗೆ ಒಳಪಟ್ಟಿವೆ. ವಿಂಗಡಣೆ ಬಲ್ಲವರ ಕಣ್ಣೆದುರಿನಲ್ಲಿ ನಡೆಯದ ಹೊರತು ಇಂತಹ ವ್ಯಾಪಾರಕ್ಕೆ ಕೈಹಾಕುವುದು ವಿವೇಕವಲ್ಲ.

ಉದ್ಯಮಿಗಳು ಏನು ಮಾಡಬಹುದು?

ಮೊದಲ ಹೆಜ್ಜೆ ದೋಣಿಯಲ್ಲಿಯೇ ಆಗಬೇಕು. ಒಂದೆರಡು ಜಾತಿಗಳನ್ನು ಆರಿಸಿಕೊಂಡು, ಅವು ನಿಗದಿತ ಗಾತ್ರದಲ್ಲಿದ್ದು ಮಂಜುಗಡ್ಡೆಯಲ್ಲಿ ತಾಜಾ ಸ್ಥಿತಿಯಲ್ಲಿ ಬಂದರೆ ಇಂತಿಷ್ಟು ಬೆಲೆ ಕೊಡುವುದಾಗಿ ಸಂಸ್ಕರಣಾ ಘಟಕಗಳು ದೋಣಿ ಮಾಲೀಕರೊಂದಿಗೆ ಮುಂಚಿತವಾಗಿ ಒಪ್ಪಂದ ಮಾಡಿಕೊಳ್ಳಬೇಕು. ಹಿಟ್ಟಿನ ದರಕ್ಕಿಂತ ಹೆಚ್ಚಿನ, ಮಂಜುಗಡ್ಡೆ ಮತ್ತು ವಿಂಗಡಣೆಯ ಖರ್ಚನ್ನು ಭರಿಸುವ ಬೆಲೆ ಖಚಿತವಾದಾಗ ಮಾತ್ರ ತಂಡೇಲನು ದಾಸ್ತಾನು ಕೋಣೆಯಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟಾನು. ಯಾನದ ಕೊನೆಯ ಒಂದೆರಡು ದಿನಗಳ ಹಿಡುವಳಿಗೆ ಮಾತ್ರ ಈ ಒಪ್ಪಂದವನ್ನು ಅನ್ವಯಿಸಿದರೂ ಆರಂಭಕ್ಕೆ ಅದು ಸಾಕು.

ಎರಡನೆಯ ಹೆಜ್ಜೆ, ಸಣ್ಣ ಪ್ರಮಾಣದ ಸಂಸ್ಕರಣೆ. ಮುಳ್ಳು ಬೇರ್ಪಡಿಸುವ ಯಂತ್ರದಿಂದ ತೆಗೆದ ಮಾಂಸದಲ್ಲಿ ಕಟ್ಲೆಟ್, ಮೀನಿನ ಉಂಡೆ, ಸಾಸೇಜ್ ತಯಾರಿಸುವ ತಂತ್ರಜ್ಞಾನ ನಮಗೆ ಹೊಸದಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯೂ, ದೇಶದ ಮೊಟ್ಟಮೊದಲ ಮೀನುಗಾರಿಕಾ ಕಾಲೇಜಾಗಿ 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಕಾಲೇಜೂ ಈ ಕ್ಷೇತ್ರದಲ್ಲಿ ದೀರ್ಘ ಅನುಭವ ಹೊಂದಿವೆ. 2020ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಶೀತಲ ಸರಪಳಿ ಮತ್ತು ಮೌಲ್ಯವರ್ಧನೆಗೆ ಒತ್ತು ನೀಡಿದೆ. ಒಣಮೀನಿನ ಕ್ಷೇತ್ರದಲ್ಲಿ ಮರಳಿನ ಮೇಲೆ ಹರಡುವ ರೂಢಿಯನ್ನು ಬಿಟ್ಟು, ಎತ್ತರದ ಅಟ್ಟಣಿಗೆ ಅಥವಾ ಸೌರ ಶುಷ್ಕಕಗಳಲ್ಲಿ ಒಣಗಿಸಿ ಶುಚಿಯಾದ ಪೊಟ್ಟಣಗಳಲ್ಲಿ ಮಾರಿದರೆ ಮಹಿಳಾ ಗುಂಪುಗಳಿಗೆ ಉತ್ತಮ ಆದಾಯ ದೊರೆಯಬಲ್ಲದು.

ಮೂರನೆಯದು ಗಿರಾಕಿಯ ಮನ ಗೆಲ್ಲುವ ಕೆಲಸ. ಹೊಸ ಮೀನನ್ನು ಇಡಿಯಾಗಿ ತೋರಿಸಿ ಮಾರುವುದು ಕಷ್ಟ. ಸುಲಿದು, ತುಂಡರಿಸಿ, ಮಸಾಲೆ ಹಚ್ಚಿ ಕೊಟ್ಟರೆ ಕೊಳ್ಳುವವರಿದ್ದಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹೋಟೆಲುಗಳಲ್ಲಿ ‘ಈ ದಿನದ ಮೀನು’ ಎಂಬ ಹೆಸರಿನಲ್ಲಿ ಕಾಲಕ್ಕೆ ತಕ್ಕ ಜಾತಿಯನ್ನು ಬಡಿಸುವ ಪದ್ಧತಿ ಬೆಳೆದರೆ ಅಂಜಲ್ ಮತ್ತು ಮಾಂಜಿಯ ಮೇಲಿನ ಒತ್ತಡವೂ ತಗ್ಗೀತು. ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮದ ‘ಮತ್ಸ್ಯದರ್ಶಿನಿ’ಯಂತಹ ಉಪಾಹಾರ ಗೃಹಗಳು ಇಂತಹ ಪ್ರಯೋಗಕ್ಕೆ ಹೇಳಿಮಾಡಿಸಿದ ಸ್ಥಳಗಳು. ಆದರೆ ಡಿಸ್ಕೋ ಮೀನನ್ನು ಡಿಸ್ಕೋ ಎಂದೇ ಮಾರಬೇಕು. ಅಗ್ಗದ ಮೀನಿಗೆ ದುಬಾರಿ ಮೀನಿನ ಹೆಸರಿಟ್ಟು ಬಡಿಸುವುದು ಗ್ರಾಹಕನಿಗೆ ಬಗೆಯುವ ವಂಚನೆ. ಒಮ್ಮೆ ಕಳೆದ ನಂಬಿಕೆ ಮತ್ತೆ ಬಾರದು.

ಕೊನೆಯದಾಗಿ, ಗಾತ್ರದ ಶಿಸ್ತನ್ನು ಸರ್ಕಾರದ ಆದೇಶಕ್ಕಾಗಿ ಕಾಯದೆ ಕೊಳ್ಳುವವರೇ ಪಾಲಿಸಬೇಕು. ಮರಿ ಮೀನಿಗೆ ಬೆಲೆ ಕೊಡುವುದಿಲ್ಲ ಎಂಬ ಒಂದು ನಿರ್ಧಾರವನ್ನು ಸಂಸ್ಕರಣಾ ಘಟಕಗಳೂ ಹಿಟ್ಟಿನ ಕಾರ್ಖಾನೆಗಳೂ ಒಟ್ಟಾಗಿ ಕೈಗೊಂಡರೆ, ದೋಣಿಯ ಮೇಲೆ ಅದು ಬೀರುವ ಪರಿಣಾಮ ಯಾವ ತಪಾಸಣೆಗಿಂತಲೂ ಹೆಚ್ಚಿನದು.

ಪ್ರತಿವರ್ಷ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಯಾಂತ್ರೀಕೃತ ದೋಣಿಗಳು 61 ದಿನಗಳ ಕಾಲ ದಡದಲ್ಲಿ ವಿಶ್ರಮಿಸುತ್ತವೆ. ಆ ಎರಡು ತಿಂಗಳ ಸಂಪಾದನೆಯನ್ನು ಮೀನುಗಾರರು ಬಿಟ್ಟುಕೊಡುವುದು ಕಡಲು ಮತ್ತೆ ತುಂಬಲಿ ಎಂಬ ಭರವಸೆಯಿಂದ. ಆಗಸ್ಟಿನಲ್ಲಿ ಬಲೆ ಬಿದ್ದೊಡನೆ ಅದೇ ಕಡಲಿನ ಮರಿಗಳೂ, ಊಟಕ್ಕೆ ಯೋಗ್ಯವಾದ ಬೆಳೆದ ಮೀನೂ ಒಂದೇ ಲಾರಿಯಲ್ಲಿ ಹಿಟ್ಟಿಗೆ ಹೋಗುವುದಾದರೆ ಆ ತ್ಯಾಗಕ್ಕೆ ಅರ್ಥವಿಲ್ಲ. ಬೆಳೆದ ಮೀನು ತಟ್ಟೆಗೆ, ಉಳಿಕೆ ಹಿಟ್ಟಿಗೆ, ಮರಿ ಕಡಲಿಗೆ ಎಂಬ ವಿಭಾಗಕ್ರಮವನ್ನು ಕರಾವಳಿಯ ವಾಣಿಜ್ಯೋದ್ಯಮಿಗಳು ಮನಗಂಡು ಆಚರಣೆಗೆ ತಂದರೆ, ಕಸವೆಂದು ಕರೆಯಲ್ಪಡುವ ರಾಶಿಯೇ ಮುಂದಿನ ವರ್ಷಗಳ ವ್ಯಾಪಾರಕ್ಕೆ ಆಸರೆಯಾಗಬಲ್ಲದು.